ಆಂಟೆನಾ ಹೋಗಿ ಡಿಶ್ ಬಂದ ಮೇಲೆ ಚಂದನ ಕಾಣದಿದ್ದರೆ: ಡಿಡಿ ಫ್ರೀ ಡಿಶ್ ದೋಷ ನಿವಾರಣೆ ಕೈಪಿಡಿ

ಹಳೆಯ ಕಡ್ಡಿ ಆಂಟೆನಾದಲ್ಲಿ ದೂರದರ್ಶನ ಬರುವುದು ನಿಂತಿದ್ದರೆ ಟಿವಿಯನ್ನೂ ಆಂಟೆನಾವನ್ನೂ ರಿಪೇರಿಗೆ ಕೊಡಬೇಡಿ, ದೋಷ ಅವುಗಳಲ್ಲಿಲ್ಲ. ಆಯಕಟ್ಟಿನ ಸುಮಾರು 50 ಜಾಗಗಳನ್ನು ಬಿಟ್ಟು ದೇಶದ ಉಳಿದೆಲ್ಲ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ಹೊತ್ತಿಗೆ ಮುಚ್ಚಲು ಪ್ರಸಾರ ಭಾರತಿ ತೀರ್ಮಾನಿಸಿತು. ತಾಲ್ಲೂಕು ಕೇಂದ್ರಗಳ ಗುಡ್ಡದ ಮೇಲಿದ್ದ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಹಾಗೆ ಮೌನವಾದವು. ಬೆಂಗಳೂರೂ ಸೇರಿ 16 ನಗರಗಳಲ್ಲಿ 2016ರಲ್ಲಿ ಡಿವಿಬಿ-ಟಿ2 ಎಂಬ ಭೂಮಟ್ಟದ ಡಿಜಿಟಲ್ ಪ್ರಸಾರ ಆರಂಭವಾಯಿತು. ಆದರೆ ಹಳ್ಳಿಯ ಮನೆಗೆ ದೂರದರ್ಶನವನ್ನು ತಲುಪಿಸುತ್ತಿರುವುದು ಉಪಗ್ರಹವೇ: 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಆಗಿರುವ, ತಿಂಗಳ ಬಾಡಿಗೆ ಇಲ್ಲದ ಸೇವೆ. ಚಂದನ ಸಿಗುವುದೂ ಅಲ್ಲಿಯೇ.

ಅನಲಾಗ್ ಕಾಲದಲ್ಲಿ ಸಿಗ್ನಲ್ ಕುಗ್ಗಿದರೆ ಚಿತ್ರ ಮಬ್ಬಾಗುತ್ತಿತ್ತು, ಕಾಳು ಕಾಳಾಗುತ್ತಿತ್ತು, ಆದರೂ ವಾರ್ತೆ ಕೇಳಿಸುತ್ತಿತ್ತು. ಚಿತ್ರ ನೋಡಿಯೇ ದೋಷ ಊಹಿಸಬಹುದಿತ್ತು. ಡಿಜಿಟಲ್‌ನಲ್ಲಿ ಒಂದು ಮಟ್ಟದವರೆಗೆ ಚಿತ್ರ ಪೂರ್ತಿ ಸ್ವಚ್ಛ, ಅದರ ಕೆಳಗೆ ಸ್ವಲ್ಪ ಇಳಿದರೂ ಚೌಕಚೌಕವಾಗಿ ಒಡೆಯುತ್ತದೆ, ಇನ್ನೂ ಇಳಿದರೆ ಏನೂ ಇಲ್ಲ. ಆದ್ದರಿಂದ ಚಿತ್ರವನ್ನು ನೋಡಿ ದೋಷ ಹುಡುಕುವ ಅಭ್ಯಾಸವನ್ನು ಬಿಡಬೇಕು. ನೋಡಬೇಕಾದದ್ದು ಸೆಟ್-ಟಾಪ್ ಬಾಕ್ಸ್‌ನ ಮೆನುವಿನಲ್ಲಿರುವ ಎರಡು ಪಟ್ಟಿಗಳನ್ನು: ಸ್ಟ್ರೆಂತ್ ಮತ್ತು ಕ್ವಾಲಿಟಿ. ಇವನ್ನು ನೋಡದೆ ಯಾರೂ ಮಾಳಿಗೆ ಹತ್ತಬಾರದು, ಹೊಸ ಎಲ್‌ಎನ್‌ಬಿ (ಡಿಶ್‌ನ ಎದುರಿಗೆ ಕೂತು ಸಿಗ್ನಲ್ ಹಿಡಿಯುವ ತಲೆ) ಕೊಳ್ಳಲೂ ಬಾರದು. ಸರಿಯಾಗಿದ್ದ ಡಿಶ್ಶನ್ನು ಅಲುಗಾಡಿಸಿ ಕೆಡಿಸಿದ ಮನೆಗಳು ಊರೂರಿಗೂ ಇವೆ.

ಮೊದಲು ಟಿವಿಯ ಮುಂದೆ

"ನೋ ಸಿಗ್ನಲ್" ಎಂಬ ಬರಹ ಯಾರದು ಎಂದು ಗುರುತಿಸಿ. ರಿಮೋಟ್‌ನಲ್ಲಿ ಮೆನು ಒತ್ತಿದಾಗ ಬಾಕ್ಸ್‌ನ ಮೆನು ಪರದೆಗೆ ಬಂದರೆ ಬಾಕ್ಸ್‌ನಿಂದ ಟಿವಿವರೆಗಿನ ದಾರಿ ಸರಿಯಿದೆ, ದೋಷ ಡಿಶ್ ಕಡೆಗಿದೆ. ಮೆನುವೇ ಬಾರದಿದ್ದರೆ ದೋಷ ಇರುವುದು ಕೋಣೆಯೊಳಗೆ. ಟಿವಿಯ ಸೋರ್ಸ್ ಅನ್ನು ಎವಿ ಅಥವಾ ಎಚ್‌ಡಿಎಂಐಗೆ ಬದಲಿಸಿ. ಆಂಟೆನಾ ಇದ್ದಾಗ ಟಿವಿ ಸದಾ "ಟಿವಿ" ಮೋಡ್‌ನಲ್ಲಿ ಇರುತ್ತಿತ್ತು, ಬದಲಿಸಬೇಕೆಂಬುದು ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಗೊತ್ತೇ ಇಲ್ಲ. ಒಂದು ಸಲ ತೋರಿಸಿಕೊಟ್ಟರೆ ಸಾಕು.

ಚಿತ್ರ ಬಂದು ಬಣ್ಣ ಬಾರದಿದ್ದರೆ, ಅಥವಾ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತಿದ್ದರೆ, ಬಾಕ್ಸ್‌ನ ವಿಡಿಯೋ ಸೆಟ್ಟಿಂಗ್ ಎನ್‌ಟಿಎಸ್‌ಸಿಗೆ ಹೋಗಿದೆ. ಅದನ್ನು ಪಾಲ್‌ಗೆ ತನ್ನಿ. ಸಣ್ಣ ಬಾಕ್ಸ್‌ಗಳಲ್ಲಿ ಮೂರು ಬಣ್ಣದ ಸಾಕೆಟ್ಟುಗಳ ಬದಲು ಹೆಡ್‌ಫೋನ್ ತೂತಿನಂಥ ಒಂದೇ 3.5 ಮಿಮೀ ಸಾಕೆಟ್ ಇರುತ್ತದೆ. ಅದಕ್ಕೆ ಹೊಂದುವ ಎವಿ ವೈರುಗಳ ಒಳಜೋಡಣೆ ಎಲ್ಲ ಕಂಪನಿಗಳದೂ ಒಂದೇ ಅಲ್ಲ. ಬೇರೆ ಬಾಕ್ಸ್‌ನ ವೈರ್ ಹಾಕಿದರೆ ಧ್ವನಿಯ ಜಾಗದಲ್ಲಿ ಗುರ್ ಎನ್ನುವ ಸದ್ದು, ಚಿತ್ರವಿಲ್ಲ. ಆಗ ಟಿವಿ ಕಡೆಯಲ್ಲಿ ಹಳದಿ ಪಿನ್ ತೆಗೆದು ಬಿಳಿ, ಕೆಂಪು ಪಿನ್‌ಗಳನ್ನು ಒಂದೊಂದಾಗಿ ಹಳದಿ ಸಾಕೆಟ್ಟಿಗೆ ಹಾಕಿ ನೋಡಿ. ಯಾವುದರಲ್ಲಿ ಚಿತ್ರ ಬಂತೋ ಅದೇ ವಿಡಿಯೋ.

ಆಂಟೆನಾದ (ಆರ್‌ಎಫ್) ಸಾಕೆಟ್ ಒಂದೇ ಇರುವ ತೀರ ಹಳೆಯ ಟಿವಿಗೆ ನಡುವೆ ಆರ್‌ಎಫ್ ಮಾಡ್ಯುಲೇಟರ್ ಬೇಕು. ಡಿಶ್‌ನ ಕೇಬಲನ್ನು ನೇರವಾಗಿ ಟಿವಿಯ ಆಂಟೆನಾ ಸಾಕೆಟ್ಟಿಗೆ ಚುಚ್ಚಿದರೆ ಏನೂ ಬಾರದು. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಲ್ಲಿ ಅದಕ್ಕೆಂದೇ ತಿರುಪಿನ ಬೇರೆ ಸಾಕೆಟ್ ಇರುತ್ತದೆ. ಇಂಥ ಟಿವಿಗೆ ಬಾಕ್ಸ್ ಬೇಡ. ಹುಡುಕಾಟದ ಮೆನುವಿನಲ್ಲಿ ಕೇಬಲ್, ಆಂಟೆನಾ ಬಿಟ್ಟು ಸ್ಯಾಟಲೈಟ್ ಆರಿಸಿ.

ಸೆಟ್ಟಿಂಗ್ ಸರಿಯಿದೆಯೇ

ಮೆನು, ಇನ್‌ಸ್ಟಾಲೇಶನ್ (ಪಾಸ್‌ವರ್ಡ್ ಕೇಳಿದರೆ ಸಾಮಾನ್ಯವಾಗಿ 0000), ಅಲ್ಲಿ ಇವನ್ನು ನೋಡಿ: ಉಪಗ್ರಹ ಜಿಸ್ಯಾಟ್-15, ಪೂರ್ವ ರೇಖಾಂಶ 93.5 ಡಿಗ್ರಿ. ಹಳೆಯ ಬಾಕ್ಸ್‌ನಲ್ಲಿ ಇನ್ಸಾಟ್-4ಬಿ ಎಂದಿದ್ದರೂ ಜಾಗ ಅದೇ. ಎಲ್‌ಎನ್‌ಬಿ ಬಗೆ ಯೂನಿವರ್ಸಲ್, 9750/10600. ಎಲ್‌ಎನ್‌ಬಿ ಪವರ್ ಆನ್. 22 ಕಿಲೋಹರ್ಟ್ಸ್ ಆಟೋ ಅಥವಾ ಆಫ್. ಡೈಸೆಕ್ (ಹಲವು ಎಲ್‌ಎನ್‌ಬಿಗಳ ನಡುವೆ ಬದಲಿಸುವ ಸ್ವಿಚ್ಚಿನ ಸೆಟ್ಟಿಂಗ್) ಆಫ್. ಪರೀಕ್ಷೆಗೆ ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಚಾನೆಲ್‌ಗಳ ಒಂದು ಗುಂಪನ್ನು ಕಳಿಸುವ ಘಟಕ) 11090 ಮೆಗಾಹರ್ಟ್ಸ್, ವರ್ಟಿಕಲ್, ಸಿಂಬಲ್ ರೇಟ್ 29500.

ಇವುಗಳಲ್ಲಿ 22 ಕಿಲೋಹರ್ಟ್ಸ್ ಎಂಬುದು, ಅಂದರೆ ಬಾಕ್ಸ್ ಕೇಬಲ್ ಮೂಲಕ ಎಲ್‌ಎನ್‌ಬಿಗೆ ಕಳಿಸುವ ಸೂಚನೆ, ಜನರನ್ನು ಹೆಚ್ಚು ಕಾಡುತ್ತದೆ. ಎಲ್‌ಎನ್‌ಬಿ ತಾನು ಹಿಡಿದ ಆವರ್ತನದಿಂದ 9750 ಕಳೆದು ಉಳಿದದ್ದನ್ನು ಕೇಬಲ್‌ನಲ್ಲಿ ಕೆಳಗೆ ಕಳಿಸುತ್ತದೆ: 11090ರಲ್ಲಿ 9750 ಹೋದರೆ 1340. ಬಾಕ್ಸ್ ಕೇಳಿಸಿಕೊಳ್ಳುವುದು 950ರಿಂದ 2150ರವರೆಗೆ, ಆದ್ದರಿಂದ 1340 ಸಿಗುತ್ತದೆ. 22 ಕಿಲೋಹರ್ಟ್ಸ್ ಅನ್ನು ಆನ್ ಮಾಡಿದರೆ ಎಲ್‌ಎನ್‌ಬಿ 10600 ಕಳೆಯಲು ತೊಡಗುತ್ತದೆ. ಉಳಿಯುವುದು 490, ಬಾಕ್ಸ್‌ನ ಕಿವಿಗೆ ಬೀಳದು. ಡಿಶ್ ಕೂದಲೆಳೆಯಷ್ಟೂ ಕದಲದೆ ಇಡೀ ಚಾನೆಲ್ ಪಟ್ಟಿ ಸತ್ತುಹೋಗುವುದು ಹೀಗೆ. ಮಕ್ಕಳು ರಿಮೋಟ್ ಹಿಡಿದು ಆಡಿದ ಮರುದಿನ ಬರುವ ದೂರುಗಳಲ್ಲಿ ಇದನ್ನೇ ಮೊದಲು ನೋಡಬೇಕು.

ಎರಡು ಪಟ್ಟಿ ಹೇಳುವುದು

ಸ್ಟ್ರೆಂತ್ ಎಂದರೆ ಕೇಬಲ್‌ನಲ್ಲಿ ಎಷ್ಟು ಬಲದ ಸಿಗ್ನಲ್ ಇಳಿದು ಬರುತ್ತಿದೆ ಎಂಬುದು. ಅದರಲ್ಲಿ ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಸೇರಿದೆ. ಡಿಶ್ ತೆಂಗಿನಮರದ ಕಡೆ ಮುಖಮಾಡಿದ್ದರೂ ಎಲ್‌ಎನ್‌ಬಿ ಜೀವಂತವಿದ್ದರೆ ಎಷ್ಟೋ ಬಾಕ್ಸ್‌ಗಳು ಅರ್ಧದಷ್ಟು ಸ್ಟ್ರೆಂತ್ ತೋರಿಸುತ್ತವೆ. ಕ್ವಾಲಿಟಿ ಮಾತ್ರ ಉಪಗ್ರಹದ ಸಂಕೇತವನ್ನು ಬಾಕ್ಸ್ ನಿಜವಾಗಿ ಬಿಡಿಸಿಕೊಂಡಾಗಲೇ ಏಳುತ್ತದೆ. ಹಾಗಾಗಿ ಸ್ಟ್ರೆಂತ್ ಕೇಬಲ್ ಮತ್ತು ಎಲ್‌ಎನ್‌ಬಿಯ ಸಾಕ್ಷಿ, ಕ್ವಾಲಿಟಿ ದಿಕ್ಕಿನ ಸಾಕ್ಷಿ.

ಎರಡೂ ಸೊನ್ನೆ: ಕೇಬಲ್, ಕನೆಕ್ಟರ್, ಎಲ್‌ಎನ್‌ಬಿ

ಡಿಶ್‌ನ ದಿಕ್ಕನ್ನು ಮುಟ್ಟಬೇಡಿ. ಬಾಕ್ಸ್ ಆಫ್ ಮಾಡಿ, ಪ್ಲಗ್ ಕಿತ್ತು, ಎರಡೂ ತುದಿಯ ಎಫ್ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ಕನೆಕ್ಟರ್‌ನ ಬಾಯಿಂದ 2-3 ಮಿಮೀ ಹೊರಗಿರಬೇಕು. ಒಳಗೇ ಉಳಿದಿದ್ದರೆ ಸಂಪರ್ಕ ಆಗದು, ಉದ್ದವಾಗಿದ್ದರೆ ಸಾಕೆಟ್ಟಿನ ಒಳಭಾಗವನ್ನು ಕೆಡಿಸುತ್ತದೆ. ಹೊರ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗಿ ಬಾಕ್ಸ್ ಎಲ್‌ಎನ್‌ಬಿಗೆ ಕರೆಂಟ್ ಕೊಡುವುದನ್ನು ನಿಲ್ಲಿಸುತ್ತದೆ. ಕೆಲವು ಬಾಕ್ಸ್‌ಗಳು "ಎಲ್‌ಎನ್‌ಬಿ ಶಾರ್ಟ್" ಎಂದು ಬರೆದೇ ತೋರಿಸುತ್ತವೆ. ತಂತಿಯ ಮೇಲೆ ಹಸಿರು ಕಿಲುಬು ಕಂಡರೆ ನೀರು ಹೊಕ್ಕಿದೆ. ಬರಿ ತುದಿ ಕತ್ತರಿಸಿದರೆ ಸಾಲದು, ಬೆಳ್ಳಗೆ ಹೊಳೆಯುವ ಜಾಲರಿ ಸಿಗುವವರೆಗೂ ಹಿಂದಕ್ಕೆ ಕತ್ತರಿಸುತ್ತಾ ಹೋಗಿ.

ಆಮೇಲೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಬಾಕ್ಸ್ ಆನ್ ಮಾಡಿ, ವರ್ಟಿಕಲ್ ಟ್ರಾನ್ಸ್‌ಪಾಂಡರ್ ಆರಿಸಿ, ಡಿಶ್ ಕಡೆಯ ಕೇಬಲ್ ತುದಿಯಲ್ಲಿ ಅಳೆಯಿರಿ. ಕೆಂಪು ಕಡ್ಡಿ ನಡುವಿನ ತಂತಿಗೆ, ಕಪ್ಪು ಕಡ್ಡಿ ಕನೆಕ್ಟರ್‌ನ ಮೈಗೆ. 13 ವೋಲ್ಟ್ ಆಸುಪಾಸು ಬರಬೇಕು. ಹಾರಿಜಾಂಟಲ್‌ಗೆ ಬದಲಿಸಿದರೆ 18ರ ಹತ್ತಿರ ಏರಬೇಕು. ಬಾಕ್ಸ್‌ನ ಸಾಕೆಟ್ಟಿನಲ್ಲೇ ವೋಲ್ಟೇಜ್ ಇಲ್ಲದಿದ್ದರೆ ಬಾಕ್ಸ್ ಕೆಟ್ಟಿದೆ. ಸಾಕೆಟ್ಟಿನಲ್ಲಿ ಇದ್ದು ಮೇಲೆ ಇಲ್ಲದಿದ್ದರೆ ಕೇಬಲ್. ಮೇಲೂ 13 ಇದ್ದು, ಎಲ್‌ಎನ್‌ಬಿ ಜೋಡಿಸಿದ ಮೇಲೂ ಸ್ಟ್ರೆಂತ್ ಏಳದಿದ್ದರೆ ಆಗ ಎಲ್‌ಎನ್‌ಬಿ ಬದಲಿಸಿ, ಅದಕ್ಕೂ ಮೊದಲಲ್ಲ.

ಬಾಕ್ಸ್‌ಗೆ ಎಲ್‌ಎನ್‌ಬಿ ಕೇಬಲ್ ಜೋಡಿಸಿದೊಡನೆ ಅದು ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳುತ್ತಿದ್ದರೆ, ಕೇಬಲ್ ಕಿತ್ತಾಗ ಸುಮ್ಮನಿದ್ದರೆ, ಮೊದಲು ಮೇಲೆ ಹೇಳಿದ ಶಾರ್ಟ್ ಇಲ್ಲವೆಂದು ಖಚಿತಮಾಡಿಕೊಂಡು ಆಮೇಲೆ 12 ವೋಲ್ಟ್ ಅಡಾಪ್ಟರನ್ನು ಸಂಶಯಿಸಿ. ಅದರೊಳಗಿನ ಕೆಪಾಸಿಟರ್ ಸೊರಗಿದಾಗ ಬರಿದೆ ಅಳೆದರೆ 12 ವೋಲ್ಟೇ ತೋರುತ್ತದೆ, ಹೊರೆ ಬಿದ್ದಾಗ ಕುಸಿಯುತ್ತದೆ. ಹೊರೆಯ ಮೇಲೇ ಅಳೆಯಬೇಕು.

ಹಳೆಯ ಆಂಟೆನಾದ ಸಾಮಾನುಗಳನ್ನು ಉಳಿಸಿಕೊಂಡ ಮನೆಗಳಲ್ಲಿ ಇನ್ನೊಂದು ಕಾರಣವಿದೆ. ಚಪ್ಪಟೆಯ 300 ಓಮ್ ವೈರ್ ಇಲ್ಲಿ ಯಾವ ಉಪಯೋಗಕ್ಕೂ ಬಾರದು. ಡಿಶ್‌ಗೆ 75 ಓಮ್‌ನ ಆರ್‌ಜಿ-6 ಕೇಬಲ್ಲೇ ಬೇಕು, ಸಾಧ್ಯವಾದಷ್ಟು 30 ಮೀಟರ್ ಒಳಗೆ, ನಡುವೆ ಗಂಟು ಹಾಕದೆ. ಆಂಟೆನಾ ಬೂಸ್ಟರನ್ನಾಗಲಿ ಹಳೆಯ ಸ್ಪ್ಲಿಟರನ್ನಾಗಲಿ ದಾರಿಯಲ್ಲಿ ಬಿಟ್ಟಿದ್ದರೆ ಅದು ಎಲ್‌ಎನ್‌ಬಿಗೆ ಹೋಗುವ ವೋಲ್ಟೇಜನ್ನೂ ತಡೆಯುತ್ತದೆ, ಕೆಳಗೆ ಬರುವ 1340 ಮೆಗಾಹರ್ಟ್ಸ್ ಅನ್ನೂ ನುಂಗುತ್ತದೆ. ಕಿತ್ತುಹಾಕಿ.

ಸ್ಟ್ರೆಂತ್ ಇದೆ, ಕ್ವಾಲಿಟಿ ಇಲ್ಲ: ದಿಕ್ಕು

ಸೆಟ್ಟಿಂಗ್ ಸರಿಯಿದ್ದೂ ಹೀಗಾದರೆ ಡಿಶ್ ಬೇರೆಲ್ಲಿಗೋ ನೋಡುತ್ತಿದೆ, ಇಲ್ಲವೇ ಎದುರಿಗೆ ಅಡ್ಡ ಬಂದಿದೆ. ಜಿಸ್ಯಾಟ್-15 ಕರ್ನಾಟಕಕ್ಕೆ ಆಗ್ನೇಯದಲ್ಲಿ, ಸಾಕಷ್ಟು ಎತ್ತರದಲ್ಲಿದೆ. ಉತ್ತರದಿಂದ ಪೂರ್ವದ ಮೂಲಕ ಎಣಿಸಿದರೆ ಬೆಂಗಳೂರಿನಿಂದ ಸುಮಾರು 128 ಡಿಗ್ರಿ ದಿಕ್ಕು, 66 ಡಿಗ್ರಿ ಎತ್ತರ. ಮಂಗಳೂರಿನಿಂದ 123.5 ಮತ್ತು 63.5. ಬೆಳಗಾವಿಯಿಂದ 128 ಮತ್ತು 61. ಕಲಬುರಗಿಯಿಂದ 135 ಮತ್ತು 62. ನಿಮ್ಮ ಊರು ಇವುಗಳ ನಡುವೆ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಅಂದಾಜಿಸಿ.

ದಿಕ್ಸೂಚಿಯನ್ನು ಕಬ್ಬಿಣದ ಕಂಬ, ತಗಡಿನ ಸೂರು, ಕಾಂಕ್ರೀಟಿನ ಸರಳುಗಳಿಂದ ದೂರ ಹಿಡಿಯಿರಿ. ಕಂಬಕ್ಕೆ ಒತ್ತಿ ಹಿಡಿದ ಮೊಬೈಲ್ ದಿಕ್ಸೂಚಿ ಹತ್ತಾರು ಡಿಗ್ರಿ ಸುಳ್ಳು ಹೇಳಬಲ್ಲದು. ಕಂಬ ನೆಟ್ಟಗಿರಲೇಬೇಕು, ತೂಕದ ಗುಂಡು ಅಥವಾ ನೀರುಮಟ್ಟ ಇಟ್ಟು ಎರಡು ಬದಿಯಿಂದ ನೋಡಿ. ಕಂಬ ವಾಲಿದ್ದರೆ ಡಿಶ್‌ನ ಹಿಂದಿನ ಡಿಗ್ರಿ ಗೆರೆಗಳಿಗೆ ಅರ್ಥವಿಲ್ಲ. ಆಂಟೆನಾ ಕಟ್ಟಿದ್ದ ಉದ್ದ ಪೈಪಿನ ತುದಿಗೆ ಡಿಶ್ ಹಾಕಬೇಡಿ. ಆಂಟೆನಾಕ್ಕೆ ಎತ್ತರ ಬೇಕಿತ್ತು. ಡಿಶ್‌ಗೆ ಬೇಕಾದದ್ದು ಅಲುಗದ ನೆಲೆ ಮತ್ತು ಆಗ್ನೇಯಕ್ಕೆ ತೆರೆದ ಆಕಾಶ. ಮಾಳಿಗೆಯ ನೆಲಕ್ಕೇ ಬೋಲ್ಟ್ ಮಾಡಿದರೆ ಎಲ್ಲಕ್ಕಿಂತ ಒಳ್ಳೆಯದು.

ಎದುರಿನ ಗೋಡೆ, ಮರ ಅಡ್ಡವೇ ಎಂದು ತಿಳಿಯಲು ಲೆಕ್ಕ ಸುಲಭ. ಬೆಂಗಳೂರಿನ ಎತ್ತರಕೋನಕ್ಕೆ, ಡಿಶ್‌ಗಿಂತ 9 ಮೀಟರ್ ಎತ್ತರವಿರುವ ಮರ ಆ ದಿಕ್ಕಿನಲ್ಲಿ ಕನಿಷ್ಠ 4 ಮೀಟರ್ ದೂರ ಇರಬೇಕು. ಇನ್ನಷ್ಟು ಬಿಟ್ಟರೆ ಕೊಂಬೆ ಬೆಳೆಯಲು ಜಾಗ. ನಾಲ್ಕೈದು ವರ್ಷ ಚೆನ್ನಾಗಿ ಬಂದು ನಿಧಾನವಾಗಿ ಕ್ಷೀಣಿಸಿದ ಡಿಶ್‌ಗಳ ಮುಂದೆ ಸಾಮಾನ್ಯವಾಗಿ ಒಂದು ಬೆಳೆದ ಮಾವೋ ತೆಂಗೋ ನಿಂತಿರುತ್ತದೆ.

ಈಗ ಹುಡುಕಾಟ. ಎತ್ತರಕೋನವನ್ನು ಗೆರೆಗೆ ಇಟ್ಟು ಬೋಲ್ಟ್ ಅರೆಬಿಗಿ ಮಾಡಿ, ಡಿಶ್ಶನ್ನು ಪೂರ್ವದಿಂದ ದಕ್ಷಿಣಕ್ಕೆ ನಿಧಾನ ತಿರುಗಿಸಿ. 60 ಸೆಂಮೀ ಡಿಶ್‌ನ ಅಂಚು ಅರ್ಧ ಸೆಂಮೀ ಸರಿದರೆ ಅದು ಸುಮಾರು 1 ಡಿಗ್ರಿ. ಅಷ್ಟು ಸರಿಸಿ, ಎರಡು ಮೂರು ಸೆಕೆಂಡ್ ನಿಲ್ಲಿ, ಮತ್ತೆ ಸರಿಸಿ. ಬಾಕ್ಸ್‌ಗೆ ಸಂಕೇತ ಹಿಡಿದುಕೊಳ್ಳಲು ಅಷ್ಟು ಸಮಯ ಬೇಕು. ಕೈ ನಿಲ್ಲಿಸದೆ ತಿರುಗಿಸುವವರು ಉಪಗ್ರಹದ ಮೇಲೆಯೇ ಹಾದುಹೋಗಿ ಸಿಗಲಿಲ್ಲ ಎನ್ನುತ್ತಾರೆ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಎತ್ತರವನ್ನು 1 ಡಿಗ್ರಿ ಏರಿಸಿ ಮತ್ತೊಂದು ಸುತ್ತು, ಆಮೇಲೆ ಇಳಿಸಿ ಇನ್ನೊಂದು. ಪೀಪೀ ಎನ್ನುವ ಸ್ಯಾಟ್ ಫೈಂಡರ್ ಯಾವ ಉಪಗ್ರಹ ಸಿಕ್ಕರೂ ಕೂಗುತ್ತದೆ. ಕೇವಲ 1.5 ಡಿಗ್ರಿ ಆಚೆ, 95ರಲ್ಲಿ, ಖಾಸಗಿ ಡಿಟಿಎಚ್‌ನ ಉಪಗ್ರಹವಿದೆ. ಹುಡುಕಿದ ಮೇಲೆ ಪಟ್ಟಿಯಲ್ಲಿ ಬರೀ ಬೀಗ ಹಾಕಿದ ಚಾನೆಲ್‌ಗಳೇ ಬಂದರೆ ನೀವು ಪಕ್ಕದ ಉಪಗ್ರಹದಲ್ಲಿದ್ದೀರಿ, ಸ್ವಲ್ಪ ದಕ್ಷಿಣಕ್ಕೆ ಸರಿಯಿರಿ.

ಕ್ವಾಲಿಟಿ ಎದ್ದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ತಿರುಗಿಸುವ ಕೆಲಸ ಉಳಿದಿದೆ. ಇದನ್ನು ಬಿಟ್ಟುಬಿಡುವುದು ನಮ್ಮ ಕಡೆಯ ಅತಿ ದೊಡ್ಡ ತಪ್ಪು. ನಾವು ಸಮಭಾಜಕಕ್ಕೆ ಹತ್ತಿರ, ಉಪಗ್ರಹ ನಮಗಿಂತ ಪೂರ್ವಕ್ಕೆ ಬಹಳ ಸರಿದಿದೆ. ಆದ್ದರಿಂದ ಅದರ "ನೆಟ್ಟಗಿನ" (ವರ್ಟಿಕಲ್) ತರಂಗ ನಮಗೆ ಓರೆಯಾಗಿ ಬರುತ್ತದೆ: ಬೆಂಗಳೂರಿಗೆ ಸುಮಾರು 50 ಡಿಗ್ರಿ, ಮಂಗಳೂರಿಗೆ 54, ಬೆಳಗಾವಿಗೆ 49, ಕಲಬುರಗಿಗೆ 43. ಎಲ್‌ಎನ್‌ಬಿಯ ಕನೆಕ್ಟರ್ ನೇರ ಕೆಳಗೆ ನೋಡುವಂತೆ ಬಿಟ್ಟರೆ ಸಿಗ್ನಲ್‌ನ ಅರ್ಧದಷ್ಟು ಅಲ್ಲೇ ಹೋಯಿತು, ಜೊತೆಗೆ ಅಡ್ಡ ತರಂಗದ ಸಿಗ್ನಲ್ ಒಳಗೆ ನುಗ್ಗುತ್ತದೆ. ಡಿಶ್‌ನ ಹಿಂದೆ ನಿಂತು ಉಪಗ್ರಹದ ಕಡೆ ನೋಡುತ್ತಾ ಎಲ್‌ಎನ್‌ಬಿಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಕನೆಕ್ಟರ್ ನಿಮ್ಮ ಬಲಕ್ಕೆ, ಗಡಿಯಾರದ 4ಕ್ಕೂ 5ಕ್ಕೂ ನಡುವಿನ ಜಾಗಕ್ಕೆ ಬರುತ್ತದೆ. ಅಲ್ಲಿಂದ ಎರಡೂ ಕಡೆ ಐದೈದು ಡಿಗ್ರಿ ಆಡಿಸಿ ಕ್ವಾಲಿಟಿ ಅತಿ ಹೆಚ್ಚು ಬಂದಲ್ಲಿ ಬಿಗಿ ಮಾಡಿ. ಬೇಸಿಗೆಯಲ್ಲಿ ಹೇಗಿದ್ದರೂ ಬರುತ್ತದೆ. ಜೂನ್ ಮಳೆಯಲ್ಲಿ ಈ ಐದು ನಿಮಿಷದ ಕೆಲಸದ ಬೆಲೆ ತಿಳಿಯುತ್ತದೆ.

ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬೇಡಿ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಪಟ್ಟಿಯ ಮೇಲೆ ಕಣ್ಣಿಡಿ. ಬಿಗಿಯುವಾಗಲೇ ಒಂದು ಡಿಗ್ರಿ ಜಾರುವುದು ಸಾಮಾನ್ಯ.

ಕ್ವಾಲಿಟಿ ಏರಿಳಿಯುತ್ತದೆ

ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆದರೆ ಕ್ಲಾಂಪ್ ಸಡಿಲ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಬಾರದೆ ಬಿಸಿಲು ಬಿದ್ದ ಮೇಲೆ ಬಂದರೆ ಕನೆಕ್ಟರ್‌ನಲ್ಲೋ ಎಲ್‌ಎನ್‌ಬಿಯ ಮುಚ್ಚಳದ ಬಿರುಕಿನಲ್ಲೋ ನೀರಿದೆ. ಮಳೆ ಸುರಿಯುವಷ್ಟು ಹೊತ್ತು ಮಾತ್ರ ಹೋಗಿ ತಕ್ಷಣ ಮರಳಿದರೆ ಉಪಕರಣದಲ್ಲಿ ದೋಷವಿಲ್ಲ, 11 ಗಿಗಾಹರ್ಟ್ಸ್ ತರಂಗವನ್ನು ದಟ್ಟ ಮಳೆ ಹೀರುತ್ತದೆ. ಆಗುಂಬೆ, ಕೊಡಗು, ಕರಾವಳಿಯಲ್ಲಿ ಇದಕ್ಕೆ ಪರಿಹಾರ ದೊಡ್ಡ ಡಿಶ್: 60ರ ಬದಲು 90 ಸೆಂಮೀ ಹಾಕಿದರೆ ಹಿಡಿಯುವ ಮೈ 2.25 ಪಟ್ಟು. ಎಂಥ ಮಳೆಗೂ ನಿಲ್ಲುತ್ತದೆ ಎಂದಲ್ಲ, ಹೋಗುವ ನಿಮಿಷಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಬೂಸ್ಟರ್ ಇದಕ್ಕೆ ಮದ್ದಲ್ಲ; ಅದು ಸಿಗ್ನಲ್ ಜೊತೆ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ.

ಹೊರಗಿನ ಕನೆಕ್ಟರಿಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಬರೀ ಎಲೆಕ್ಟ್ರಿಕ್ ಟೇಪ್ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಕೇಬಲ್ ಕನೆಕ್ಟರಿಗೆ ಕೆಳಗಿನಿಂದ ಏರುವಂತೆ ಒಂದು ಜೋಲು ಬಿಡಿ, ನೀರು ಆ ಜೋಲಿನಿಂದ ತೊಟ್ಟಿಕ್ಕಲಿ. ಗೋಡೆ ಹೊಗುವ ತೂತಿನ ಬಳಿಯೂ ಹಾಗೆಯೇ.

ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಬೆಳಿಗ್ಗೆ ಸುಮಾರು 11 ಗಂಟೆಗೆ ಕೆಲವೇ ನಿಮಿಷ ಚಿತ್ರ ಹೋಗಬಹುದು. ಆಗ ಸೂರ್ಯ ಉಪಗ್ರಹದ ನೇರ ಹಿಂದೆ ಬಂದಿರುತ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಏನನ್ನೂ ಮುಟ್ಟಬೇಡಿ. ಬದಲಿಗೆ ಆ ಹೊತ್ತಿಗೆ ಮಾಳಿಗೆಗೆ ಹೋಗಿ ಡಿಶ್ ಮೇಲೆ ನೆರಳು ಬಿದ್ದಿದೆಯೇ ನೋಡಿ. ಯಾವ ಕೊಂಬೆಯ ನೆರಳು ಡಿಶ್ ಮೇಲಿದೆಯೋ ಅದೇ ಉಪಗ್ರಹಕ್ಕೂ ಅಡ್ಡ. ಕಡಿಯಬೇಕಾದ ಕೊಂಬೆಯನ್ನು ಗುರುತಿಸಲು ಇದಕ್ಕಿಂತ ಖಚಿತ ದಾರಿ ಇಲ್ಲ. ಸೂರ್ಯನತ್ತ ಮಾತ್ರ ನೋಡಬೇಡಿ.

ಕ್ವಾಲಿಟಿ ಚೆನ್ನಾಗಿದೆ, ಚಾನೆಲ್ ಇಲ್ಲ

ಇದು ಮಾಳಿಗೆಯ ಕೆಲಸವಲ್ಲ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಹಂಚಿಕೆಯಾಗುತ್ತದೆ, ಏಪ್ರಿಲ್ 1ರ ಹೊತ್ತಿಗೆ ಪಟ್ಟಿ ಬದಲಾಗುವುದು ವಾಡಿಕೆ. ನಿನ್ನೆ ಇದ್ದ ಧಾರಾವಾಹಿಯ ಚಾನೆಲ್ ಇಂದು ಇಲ್ಲದಿದ್ದರೆ ಅದು ಹೊರಟುಹೋಗಿರಬಹುದು. ಚಂದನದಂಥ ದೂರದರ್ಶನದ ಸ್ವಂತ ಚಾನೆಲ್ ಕಾಣೆಯಾದರೆ ಅದು ಬೇರೆ ಟ್ರಾನ್ಸ್‌ಪಾಂಡರ್‌ಗೆ ಸರಿದಿರುವ ಸಾಧ್ಯತೆ ಹೆಚ್ಚು. ಹಳೆಯ ಪಟ್ಟಿ ಅಳಿಸಿ, ನೆಟ್‌ವರ್ಕ್ ಸರ್ಚ್ ಆನ್ ಮಾಡಿ, ಪೂರ್ತಿ ಆಟೋ ಸ್ಕ್ಯಾನ್ ಕೊಡಿ. ಬಾಕ್ಸ್‌ನಲ್ಲಿ ಬ್ಲೈಂಡ್ ಸ್ಕ್ಯಾನ್ ಇದ್ದರೆ ಅದು ಇನ್ನೂ ಮೇಲು. ಹುಡುಕುವ ಬಗೆಯಲ್ಲಿ "ಎಫ್‌ಟಿಎ ಮಾತ್ರ" (ಬೀಗವಿಲ್ಲದ ಉಚಿತ ಚಾನೆಲ್‌ಗಳು ಮಾತ್ರ) ಆರಿಸಿದರೆ ಪಟ್ಟಿ ಚೊಕ್ಕಟವಾಗಿರುತ್ತದೆ.

ಚಾನೆಲ್‌ನ ಹೆಸರು ಬಂದು, ಧ್ವನಿಯೂ ಬಂದು, ಪರದೆ ಮಾತ್ರ ಕಪ್ಪಾಗಿದ್ದರೆ ಆ ಚಾನೆಲ್ ಎಂಪೆಗ್-4 ಎಂಬ ಹೊಸ ವಿಡಿಯೋ ವಿಧಾನದಲ್ಲಿದೆ, ನಿಮ್ಮ ಬಾಕ್ಸ್ ಹಳೆಯ ಎಂಪೆಗ್-2ರದು. ಹಳೆಯ ಬಾಕ್ಸ್ ಡಿವಿಬಿ-ಎಸ್ ಎಂಬ ಹಳೆಯ ಉಪಗ್ರಹ ಪ್ರಸಾರ ವಿಧಾನ ಮಾತ್ರ ಬಲ್ಲದ್ದಾದರೆ ಹೊಸ ಡಿವಿಬಿ-ಎಸ್2ರಲ್ಲಿ ಬರುವ ಟ್ರಾನ್ಸ್‌ಪಾಂಡರ್‌ಗಳಲ್ಲಿ ಕ್ವಾಲಿಟಿಯೇ ಏಳದು, ಚಾನೆಲ್‌ನ ಹೆಸರೂ ಬಾರದು. ಯಾವ ಸೆಟ್ಟಿಂಗೂ ಇದನ್ನು ಸರಿಪಡಿಸಲಾರದು. ಹೊಸ ಬಾಕ್ಸ್ ಕೊಳ್ಳುವವರು ಎಂಪೆಗ್-4 ಮತ್ತು ಡಿವಿಬಿ-ಎಸ್2 ಎರಡೂ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ. ಡಿಶ್, ಎಲ್‌ಎನ್‌ಬಿ, ಕೇಬಲ್ ಹಳೆಯವೇ ಸಾಕು.

ಎರಡು ಟಿವಿ ಇರುವ ಮನೆಗೆ ಎರಡು ಕನೆಕ್ಟರ್‌ಗಳ ಟ್ವಿನ್ ಎಲ್‌ಎನ್‌ಬಿ ಹಾಕಿ, ಪ್ರತಿ ಬಾಕ್ಸ್‌ಗೂ ಬೇರೆ ಕೇಬಲ್ ಎಳೆಯಿರಿ. ಡಿಶ್ ಹಾಕಿದ ಕಂಬಕ್ಕೂ ಅರ್ಥಿಂಗ್ ಕೊಡಿ. ಗುಡುಗು ಶುರುವಾದರೆ ಬಾಕ್ಸ್‌ನ ಪ್ಲಗ್ ಕೀಳುವುದಷ್ಟೇ ಅಲ್ಲ, ಮಿಂಚು ಹತ್ತಿರವಾಗುವ ಮೊದಲೇ ಡಿಶ್ ಕೇಬಲನ್ನೂ ಬಾಕ್ಸ್‌ನಿಂದ ಬಿಚ್ಚಿಡಿ, ಏಕೆಂದರೆ ಸಿಡಿಲಿನ ವೋಲ್ಟೇಜ್ ಎಲ್‌ಎನ್‌ಬಿಯ ಕೇಬಲ್ ಮೂಲಕವೂ ಬಾಕ್ಸ್‌ಗೆ ಇಳಿಯುತ್ತದೆ.